ಸಂಬೋಧನೆಯಿಲ್ಲದ ಪತ್ರ

ಒತಿಲಿಯಾ ರುದ್ಸ್ಕಾ ಇಮೇಲುಗಳಿಗೆ ಉತ್ತರ ಬರೆಯುವುದು ನಿಂತುಕೊಂಡೇ, ಅದೂ ಮೇಲಂಗಿಯನ್ನು ಕಳಚದೆ. ಲುಬ್ಲಿನ್ನಿನ ಟ್ರಾಲಿಬಸ್ಸಿನಿಂದಿಳಿದು, ಇಲ್ಲದ ಎದುರುಗಾಳಿಯನ್ನು ಭುಜದಿಂದ ತಳ್ಳುವವರಂತೆ ಒಂದು ಪಕ್ಕಕ್ಕೆ ವಾಲಿ ನಡೆದುಬಂದು, ಸಸ್ಯಶಾಸ್ತ್ರ ವಿಭಾಗದ ತಮ್ಮ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನಿಂತು ಎರಡೇ ಬೆರಳಿನಲ್ಲಿ ಮೊಳೆ ಹೊಡೆದಂತೆ ಕುಟ್ಟುತ್ತಾರೆ. ಉತ್ತರಕ್ಕೆ ಕಾದಿರುವ ವಿದ್ಯಾರ್ಥಿ ಮೊದಲು, ಕೋಟು ಆಮೇಲೆ.

ನಮ್ಮ ಪೋಲಿಷ್ ವಿಶ್ವವಿದ್ಯಾಲಯಗಳಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ವಿದ್ಯಾರ್ಥಿ ಅಧ್ಯಾಪಕರಿಗೆ ಬರೆಯುವ ಮೊದಲ ಸಾಲೇ ಒಂದು ಸುಂಕದಕಟ್ಟೆ. 'ಗೌರವಾನ್ವಿತ' ಎಂದೇ ಆರಂಭಿಸಬೇಕು; ಪ್ರೊಫೆಸರ್ ಆಗಲಿರುವವರನ್ನು ಈಗಲೇ ಪ್ರೊಫೆಸರ್ ಎನ್ನಬೇಕು, ಉಪಡೀನರನ್ನು ಡೀನ್ ಎಂದೇ ಕರೆಯಬೇಕು. ಅಂಗಡಿ, ಬ್ಯಾಂಕುಗಳ ಪತ್ರಗಳೆಲ್ಲ 'ವಿತಾಮ್' ಎಂದು ಶುರುವಾಗುವುದನ್ನು ಕಂಡು ಬೆಳೆದ ಮಕ್ಕಳು ತಾವೂ ಹಾಗೆಯೇ ಬರೆಯುತ್ತಾರೆ. ಅದೋ, ಮನೆಯೊಡೆಯ ಹೊಸ್ತಿಲಲ್ಲಿ ನಿಂತು ಅತಿಥಿಯನ್ನು ಬರಮಾಡಿಕೊಳ್ಳುವ ಮಾತು. ಕಿರಿಯರು ಹಿರಿಯರಿಗೆ ಹಾಗೆಂದರೆ ಅವರ ಮನೆಗೇ ಅವರನ್ನು ಆಹ್ವಾನಿಸಿದಂತೆ ಎಂದು ನಮ್ಮ ವಿದ್ವಾಂಸರು ಕೆರಳುತ್ತಾರೆ.

ಜಾನೆತಾ ಎಂಬ ಹುಡುಗಿ ಕೆರಳಿಸಿದ್ದು ಡೀನರನ್ನೇ. ಬೆಳಗಿನ ಹೊತ್ತು ಬೇಕರಿಯಲ್ಲಿ ಈರುಳ್ಳಿ ರೊಟ್ಟಿ ಬೇಯಿಸಿ ಓದುತ್ತಿದ್ದವಳು. ತಾಯಿ ಆಸ್ಪತ್ರೆ ಸೇರಿದಾಗ, ಪ್ರಬಂಧ ಸಲ್ಲಿಸಲು ಕಾಲಾವಕಾಶ ಬೇಡಿ ಆಸ್ಪತ್ರೆಯ ಕಾರಿಡಾರಿನಿಂದಲೇ ಡೀನರಿಗೆ ಬರೆದಳು. ಮೊದಲ ಪದ 'ವಿತಾಮ್'. ಉತ್ತರ ಬರಲಿಲ್ಲ. ಡೀನರ ಸಹಿ ಬೀಳದಿದ್ದರೆ ಅವಳ ಹೆಸರಿಗೇ ಗೀಟು, ಅಷ್ಟು ವರ್ಷದ ಓದು ಮಣ್ಣುಪಾಲು.

ಅವಳ ಮಾರ್ಗದರ್ಶಕಿಯಾದ ಒತಿಲಿಯಾ ಡೀನರ ಕೋಣೆಗೆ ಹೋದರು.

"ಅಂಥ ಪತ್ರಕ್ಕೆ ನಾನು ಉತ್ತರ ಕೊಡೋದಿಲ್ಲ ಮೇಡಂ. ಅದು ನನ್ನ ತತ್ವ."

"ಅವಳಮ್ಮ ಆಸ್ಪತ್ರೇಲಿದ್ದಾರೆ, ಸಾಹೇಬ್ರೇ."

"ಹಾಗಂತ ಮರ್ಯಾದೇನೂ ಆಸ್ಪತ್ರೆ ಸೇರ್ಬೇಕಾ?"

"ಹಾಗೋ," ಎಂದರಂತೆ ಒತಿಲಿಯಾ. ಆಕೆಯ ಬಾಯಿಂದ ಈ 'ಹಾಗೋ' ಹೊರಟಿತೆಂದರೆ ಬಲ್ಲವರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿಕೊಳ್ಳುತ್ತಾರೆ.

ಮುಂದಿನ ವಾರ ವಿಭಾಗಗಳ ಸಭೆ. ಕಾಲೇಜಿನ ಮೆಟ್ಟಿಲು ಹತ್ತದ ನಾನು ಪತ್ರಿಕೆಯವನೆಂಬ ನೆಪದಲ್ಲಿ ಹಿಂದಿನ ಬೆಂಚಿನಲ್ಲಿದ್ದೆ. ಶಿಕ್ಷಣ ಸಚಿವಾಲಯದ ತಪಾಸಣೆ ಹತ್ತಿರವಾಗಿತ್ತು. ಒತಿಲಿಯಾ ಮುಖ್ಯಸ್ಥೆಯಾಗಿದ್ದ ಸಸ್ಯಶಾಸ್ತ್ರದವರ ವರದಿ ಮಾತ್ರ ಬಂದಿರಲಿಲ್ಲ.

"ವರದಿ ಎಲ್ಲಿ ಮೇಡಂ? ಎಷ್ಟು ಸಲ ಬರೀಬೇಕು ನಾನು?" ಎಂದರು ಡೀನರು.

"ನಿಮ್ಮ ಪತ್ರ ಬಂದಿದೆ ಸಾಹೇಬ್ರೇ, ಓದಿದೀನಿ. 'ಶುಕ್ರವಾರದೊಳಗೆ ವರದಿ.' ಅಷ್ಟೇ ಇತ್ತು. ಗೌರವಾನ್ವಿತ ಇಲ್ಲ, ನಮಸ್ಕಾರ ಇಲ್ಲ, ಕೆಳಗೆ ಹೆಸರೂ ಇಲ್ಲ. ಅಂಥ ಪತ್ರಕ್ಕೆ ನಾನೂ ಉತ್ತರ ಕೊಡೋದಿಲ್ಲ. ತತ್ವ ನಿಮ್ದೇ. ನಂಗೆ ಹಿಡಿಸ್ತು."

ಪ್ರಾಣಿಶಾಸ್ತ್ರದ ಮುದುಕರೊಬ್ಬರು ಗಂಟಲು ಸರಿಮಾಡಿಕೊಂಡರು: "ನಂಗೂ ಅಂಥದೇ ಪತ್ರ ಬರುತ್ತಪ್ಪ. ನಾನು ನಮ್ಮನೆ ನಾಯೀನೂ ಹೆಸರು ಹಿಡಿದು ಕರೀತೀನಿ."

ಕಿಸಕ್ಕೆಂದ ನಗು ಬೆಂಚಿನಿಂದ ಬೆಂಚಿಗೆ ಹರಿಯಿತು.

"ಇದು ಬೆದರಿಕೆ," ಎಂದರು ಡೀನರು.

"ಅಲ್ಲ, ಶಿಷ್ಟಾಚಾರ. ಹುಡುಗೀಗೆ ಉತ್ತರ ಬರೀರಿ, ವರದಿ ಸಂಜೆಗೇ ಬರುತ್ತೆ."

ಸಭೆ ಮುಗಿಯುವ ಮುನ್ನವೇ ಜಾನೆತಾಳಿಗೆ ಕಾಲಾವಕಾಶ ಸಿಕ್ಕಿತು. ಒತಿಲಿಯಾಗೆ ಸಿಕ್ಕಿದ್ದು ಬೇರೆ: ವಿಭಾಗದ ಮುಖ್ಯಸ್ಥಿಕೆ ಹೋಯಿತು, ತರಗತಿಗಳು ನೆಲಮಾಳಿಗೆಗೆ ಇಳಿದವು. ಮರುಗಲು ಹೋದ ನನಗೆ ಆಕೆ ಹೇಳಿದ್ದಿಷ್ಟೇ: "ಪಾಚಿ ಅಲ್ಲೇ ಚೆನ್ನಾಗಿ ಬೆಳೆಯೋದು ಕಣ್ರೀ."

ಆದರೆ ಒತಿಲಿಯಾ ಹುಡುಗಿಯನ್ನೂ ಬಿಡಲಿಲ್ಲ. ಕೂರಿಸಿಕೊಂಡು, ಡೀನರಿಗೆ ಕೃತಜ್ಞತೆಯ ಪತ್ರ ಬರೆಯೆಂದರು, 'ಗೌರವಾನ್ವಿತ'ದಿಂದ ಹಿಡಿದು ಪೂರ್ಣ ಹೆಸರಿನವರೆಗೆ.

"ಇಷ್ಟಾದ್ಮೇಲೂ ಅವ್ರ ಕಾಲಿಗೆ ಬೀಳ್ಬೇಕಾ ಮೇಡಂ?"

"ಬೀಳೋದಲ್ಲ ಕಣೆ. ಇನ್ಮೇಲೆ ಅವ್ರಿಗೆ ನೆಪ ಸಿಗಬಾರ್ದು. ಬರಿ."

ನಿಯಮಗಳನ್ನು ಒದ್ದು ಮುರಿಯುವವರಿಗೆ ಅಧಿಕಾರಸ್ಥರು ಅಷ್ಟಾಗಿ ಅಂಜುವುದಿಲ್ಲ. ಅವರನ್ನು ಒರಟರೆಂದು ಕರೆದು ಹೊರದಬ್ಬುವುದು ಸುಲಭ. ಮೇಲಿನವರು ಕೆಳಗಿನವರಿಗೆಂದು ಹೊಲಿಸಿಟ್ಟ ಸೌಜನ್ಯದ ಅಂಗಿಯನ್ನು ಆ ಮೇಲಿನವರ ಮೈಗೇ ಹಿಡಿದು, ಗುಂಡಿ ಹಾಕಿಕೊಳ್ಳಿ ಎಂದು ಕಾಯುತ್ತ ನಿಲ್ಲುವ ವಿನಯವಂತರ ಕುಲವೊಂದಿದೆ. ಅವರೆದುರು ಪದವಿಗಳೆಲ್ಲ ಬೆವರುತ್ತವೆ.