ಬೆಳಕಿಂಡಿಯ ಕೆಳಗಿನ ತೊಟ್ಟಿಲು

ಬೆಳಗಿನಿಂದ ಸೀಮಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮೊಬೈಲ್ ಹಿಡಿದು ಮಾಳಿಗೆ ಹತ್ತಿದಳು. ಹಾಲು ಉಕ್ಕಿ ಒಲೆಯೆಲ್ಲ ತೋಯ್ದ ಮೇಲೆ ಇಳಿದು ಬಂದಳು. ಮಾಸ್ಕ್ ಹೊಲಿಯಲೆಂದು ಮಷೀನಿನ ಮುಂದೆ ಕೂತು, ಒಂದೇ ಕಡೆ ಎರಡೂ ಕಿವಿದಾರ ಹಚ್ಚಿ, ತನ್ನನ್ನು ತಾನೇ ಬೈದುಕೊಳ್ಳುತ್ತ ಬಿಚ್ಚಿದಳು. ಫೋನಿನ ಚಾರ್ಜ್ ತುಂಬಿದ್ದರೂ ಹೋಗಿ ಮತ್ತೆ ಪ್ಲಗ್ಗಿಗೆ ಚುಚ್ಚಿದಳು.

"ಎದಕ ಹಂಗ ಸುತ್ತಾಕ ಹತ್ತೀಯವಾ? ಕೂಸೇನ ತೊಟ್ಟಿಲದಾಗಿಂದ ಎದ್ದು ಓಡಿ ಹೊಕ್ಕೈತೇನ?" ಎಂದಳು ಅತ್ತೆ ದುರಗವ್ವ. ಅವಳು ಹೊಸ್ತಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ಮಾಸ್ಕು ಗದ್ದಕ್ಕೆ ಜೋತುಬಿದ್ದಿತ್ತು.

"ನಿಮಗೇನ ಗೊತ್ತಾಗತೈತಿ ಬಿಡ್ರಿ ಅತ್ತಿ."

"ನನಗ ಎಲ್ಲಾ ಗೊತ್ತಾಗತೈತಿ. ಅದಕ್ಕ ಅನ್ನಾಕ ಹತ್ತೀನಿ, ಬಾಳ ಆಸೆ ಇಟಗೋಬ್ಯಾಡ."

ಅತ್ತೆಯ ಮಾತು ಯಾವಾಗಲೂ ಹೀಗೆಯೇ, ಖರೆ ಇರುತ್ತಿತ್ತು, ಕೇಳಲು ಮಾತ್ರ ಆಗುತ್ತಿರಲಿಲ್ಲ.

ಆ ದಿನ ಹಮ್ಮಿಗಿಯಲ್ಲಿ ಸೀಮಾಳ ತಮ್ಮ ಸೋಮೇಶನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಸೋಮೇಶನ ಹೆಂಡತಿ ರೋಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹೆಂಡತಿಯ ಮುಖ ನೋಡಿ ಬರುತ್ತೇನೆಂದು ಹೊರಟ ಸೋಮೇಶ, ಕೊರೋನಾದ ಎರಡನೇ ಅಲೆ ಎದ್ದು ಲಾಕ್‌ಡೌನ್ ಬಿದ್ದದ್ದೇ ಅಲ್ಲೇ ಸಿಕ್ಕಿಕೊಂಡ. ಮನೆ ಅಳಿಯನಾಗಲು ಎಂದೂ ಒಪ್ಪದವನಿಗೆ ಸರಕಾರವೇ ಆ ಪಟ್ಟ ಕಟ್ಟಿತ್ತು. ಅದೇನೇ ಇರಲಿ, ತೊಟ್ಟಿಲ ದಿನ ಕೂಸಿನ ಕಿವಿಗೆ ಬಾಯಿ ಹಚ್ಚಿ, ಕುರ್ರ್ ಎಂದು ಹೆಸರು ಹೇಳಬೇಕಾದವಳು ಸೋದರತ್ತೆ. ಸೋಮೇಶನಿಗೆ ಅಕ್ಕತಂಗಿ ಅಂತ ಇದ್ದವಳು ಸೀಮಾ ಒಬ್ಬಳೇ. ಹೆಸರು ಆರಿಸುವ ಕೆಲಸವನ್ನೂ ಅವನು ಅಕ್ಕನಿಗೇ ಬಿಟ್ಟಿದ್ದ. ಅವಳು ಆರಿಸಿಯೂ ಇದ್ದಳು. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಕೂಡ.

ಬೆಟಗೇರಿಯಿಂದ ಹಮ್ಮಿಗಿ ಏನು ಕಾಶಿಯಲ್ಲ. ಡಂಬಳ ದಾಟಿದರೆ ಮುಂಡರಗಿ, ಅಲ್ಲಿ ಬಸ್ಸು ಬದಲಿಸಿದರೆ ಹೊಳೆಯ ದಂಡೆ. ಆದರೆ ಬಸ್ಸುಗಳೆಲ್ಲ ಡಿಪೋದಲ್ಲಿ ಧೂಳು ತಿನ್ನುತ್ತಿದ್ದವು. ಹಿಂದಿನ ವಾರ ಗಂಡ ಫಕೀರೇಶ ಧೈರ್ಯ ಮಾಡಿ, ಅವಳನ್ನು ಹಿಂದೆ ಕೂರಿಸಿಕೊಂಡು ಬೈಕ್ ತೆಗೆದಿದ್ದ. ನಾಕಾದಲ್ಲಿ ಪೊಲೀಸ್ ಪೇದೆ ಕೈ ಅಡ್ಡ ಹಿಡಿದ.

"ಎಲ್ಲಿಗಿ?"

"ಕೂಸಿಗೆ ಹೆಸರಿಡಾಕರಿ ಸಾಹೇಬ್ರ" ಎಂದ ಫಕೀರೇಶ.

"ಹೆಸರಿಡಾಕ ಗಾಡಿ ಯಾಕ ಬೇಕು? ಫೋನ್ ಹಚ್ಚಿ ಇಡ್ರಿ. ತಿರಗಸ್ರಿ ಹಿಂದಕ್ಕ!"

ಪೇದೆ ಅಂದದ್ದು ಚೇಷ್ಟೆಗೆ. ಸೀಮಾ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದುಕೊಳ್ಳಲು ಕಾರಣವಿತ್ತು. ಅದಕ್ಕೂ ಹಿಂದಿನ ದಿನವಷ್ಟೇ ರೋಜಾಳ ತಾಯಿ ಸುಮಿತ್ರವ್ವ ಫೋನ್ ಮಾಡಿದ್ದಳು.

"ಬಸ್ಸಿಲ್ಲ ಏನಿಲ್ಲ, ನೀವರ ಹೆಂಗ ಬರ್ತೀರಿ ಪಾಪ. ಚಿಂತಿ ಮಾಡಬ್ಯಾಡ್ರಿ ಸೀಮಕ್ಕ. ನಮ್ಮ ಮಗ್ಗಲ ಮನಿ ಬಾಳವ್ವ ಅದಾಳ. ಮೂರು ಹಡದಾಕಿ. ನಿಮ್ಮ ಜಾಗಾದಾಗ ಆಕಿ ನಿಂತು ಹೇಳ್ತಾಳ."

ಮೂರು ಹಡದಾಕಿ. ಆ ಒಂದು ಮಾತು ಸೀಮಾಳ ಎದೆಗೆ ನಾಟಿತು. ಸೀಮಾಳ ಮದುವೆಯಾಗಿ ವರ್ಷಗಳು ಉರುಳಿದ್ದವು, ಮಡಿಲು ತುಂಬಿರಲಿಲ್ಲ. ಬಸ್ಸು ಓಡುತ್ತಿದ್ದರೆ ಸುಮಿತ್ರವ್ವ ಅವಳನ್ನು ಕರೆಯಲೇಬೇಕಿತ್ತು, ಕುಂಕುಮ ಹಚ್ಚಿ ತೊಟ್ಟಿಲ ಮುಂದೆ ನಿಲ್ಲಿಸಲೇಬೇಕಿತ್ತು. ಬೇಡ ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಈಗ ಬಾಯಿ ಬಿಡದೆಯೇ ಕೆಲಸ ಆಗುತ್ತಿತ್ತು. ಫೋನಿನಲ್ಲಿ ಸುಮಿತ್ರವ್ವನ ದನಿಯೊಳಗೆ ದುಃಖವಿರಲಿಲ್ಲ, ಒಂದು ಭಾರ ಇಳಿದ ಸಮಾಧಾನವಿತ್ತು. ಜಗತ್ತೆಲ್ಲ ರೋಗಕ್ಕೆ ಹೆದರಿ ಕೂತಿದ್ದರೆ ಇವರಿಗೆ ಅದೇ ಒಂದು ಅನುಕೂಲವಾಗಿತ್ತು, ನೋಡಿ.

ನಾಕಾದಿಂದ ಮರಳಿದವಳೇ ಸೀಮಾ ಸುಮಿತ್ರವ್ವನಿಗೆ ಫೋನ್ ಹಚ್ಚಿದಳು. "ನಾ ಹೇಳ್ತೀನ್ರಿ. ಫೋನಿನ್ಯಾಗ ಹೇಳ್ತೀನಿ."

"ಫೋನಿನ್ಯಾಗ ಹೇಳಿದ್ರ ಓಣಿ ಮಂದಿಗೆಲ್ಲಾ ಮೊದಲ ಕೇಳತೈತಿ. ಕೂಸಿನ ಕಿವಿಗೆ ಮೊದಲ ಬೀಳಬೇಕಾದ ಹೆಸರರಿ ಅದು."

ಈ ಮಾತಿಗೆ ಉತ್ತರ ಹುಡುಕಿದವನು ಫಕೀರೇಶ. ಅವನದು ಮೈಕ್‌ಸೆಟ್ಟಿನ ಧಂದೆ. ಮದುವೆಗಳೆಲ್ಲ ನಿಂತು, ಅವನ ಸ್ಪೀಕರ್ ಡಬ್ಬಿಗಳು ಪಡಸಾಲೆಯ ಗೋಡೆಗುಂಟ ಸಾಲಾಗಿ ಕೂತಿದ್ದವು. ದುರಗವ್ವ ಅವುಗಳ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಜೀವಮಾನವಿಡೀ ಸಣ್ಣ ದನಿಯನ್ನು ದೊಡ್ಡದು ಮಾಡಿ ಉಂಡವನು ಈಗ ದನಿಯನ್ನು ಸಣ್ಣದು ಮಾಡುವ ಉಪಾಯ ಹುಡುಕಬೇಕಾಯಿತು.

"ಇಯರ್‌ಫೋನ್ ಹಚ್ಚಬೇಕು" ಎಂದ. "ಒಂದು ತುದಿ ಕೂಸಿನ ಕಿವಿ ಹಂತ್ಯಾಕ ಹಿಡದ್ರ ಆತು. ನೀ ಇಲ್ಲಿ ಪಿಸುಗುಟ್ಟು, ಅಲ್ಲಿ ಕೂಸಿಗಷ್ಟ ಕೇಳತೈತಿ."

"ಹಸಗೂಸಿನ ಕಿವ್ಯಾಗ ವಾಯರ್ ತುರಕ್ತೀರೇನ?" ಎಂದು ಸುಮಿತ್ರವ್ವ ಹೌಹಾರಿದಳು. ತುರುಕುವುದಿಲ್ಲ, ಬೆರಳಷ್ಟು ದೂರ ಹಿಡಿಯುತ್ತೇನೆ ಎಂದು ರೋಜಾ ತಾಯಿಯನ್ನು ಒಪ್ಪಿಸಿದಳು. ಇನ್ನೊಂದು ತುದಿಯನ್ನು ತನ್ನ ಕಿವಿಗೆ ಇಟ್ಟುಕೊಂಡು, ಹೆಸರು ಬಂದದ್ದೇ ಎಲ್ಲರಿಗೂ ಹೇಳುತ್ತೇನೆ ಎಂದಳು. ಹಮ್ಮಿಗಿಯ ಆ ಮಣ್ಣಿನ ಮಾಳಿಗೆಯ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿದ್ದದ್ದು ಒಂದೇ ಕಡೆ, ನಡುಮನೆಯ ಬೆಳಕಿಂಡಿಯ ಕೆಳಗೆ. ಸೋಮೇಶ ತೊಟ್ಟಿಲನ್ನು ದೇವರ ಮುಂದಿನಿಂದ ಬಿಚ್ಚಿ ತಂದು ಬೆಳಕಿಂಡಿಯ ಕೆಳಗಿನ ತೊಲೆಗೆ ಕಟ್ಟಿದ. ಸುಮಿತ್ರವ್ವ ಎಲ್ಲಕ್ಕೂ ಹೂಂ ಅಂದಳು, ಕೊನೆಗೊಂದು ಮಾತು ಸೇರಿಸಿದಳು: "ಮುಹೂರ್ತ ಕಾಯಂಗಿಲ್ಲ ಮತ್ತ. ಫೋನ್ ಕೈ ಕೊಟ್ಟಿತು ಅಂದ್ರ ಬಾಳವ್ವ ಹೇಳ್ತಾಳ."

ಅಂದರೆ ಸೀಮಾಳಿಗೆ ಇದ್ದದ್ದು ಒಂದೇ ಅವಕಾಶ. ಅದಕ್ಕೇ ಹಾಲು ಉಕ್ಕಿತ್ತು.

ಹೊತ್ತು ಏರಿದ ಮೇಲೆ ಅವಳು ಇಳಕಲ್ ಸೀರೆ ಉಟ್ಟಳು. ಫಕೀರೇಶ ಮೈಕಿನ ಸ್ಟ್ಯಾಂಡಿಗೆ ಮೊಬೈಲನ್ನು ರಬ್ಬರ್ ಸುತ್ತಿ ಕಟ್ಟಿ, ಅವಳ ಬಾಯಿಯ ಎತ್ತರಕ್ಕೆ ಸರಿಮಾಡಿ, ಚಟದಂತೆ "ಹಲೋ, ಚೆಕ್, ಚೆಕ್" ಎಂದ.

"ರೀ, ಚಾಷ್ಟಿ ಬ್ಯಾಡ. ನನ್ನ ಜೀವಾ ಹೋಗಾಕ ಹತ್ತೈತಿ."

ಸೀಮಾ ಸೆರಗು ಸರಿಪಡಿಸಿದಳು, ಮತ್ತೆ ಕೆಡಿಸಿದಳು, ಮತ್ತೆ ಸರಿಪಡಿಸಿದಳು. ಕಾಲ್ ಬಂತು.

ಮೊದಲು ಕಂಡದ್ದು ಬರೀ ಬೆಳಕು. ಆಮೇಲೆ ಅರ್ಧ ತೊಟ್ಟಿಲು, ಹಸಿರು ಬಳೆ ತೊಟ್ಟ ಕೈಗಳು, ಗದ್ದಕ್ಕೆ ಇಳಿದ ಮಾಸ್ಕುಗಳು. ಓಣಿಯ ಹೆಂಗಸರೆಲ್ಲ ಬಂದೇ ಬಿಟ್ಟಿದ್ದರು. ಮುಂಡರಗಿಯಿಂದ ಪೊಲೀಸರು ಇಷ್ಟು ದೂರ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಶಾಸ್ತ್ರದಂತೆ ಮೊದಲು ಗುಂಡುಕಲ್ಲನ್ನು ತೊಟ್ಟಿಲ ಸುತ್ತ ದಾಟಿಸಿದರು. ಕುಂಚಿಗೆ ತೊಟ್ಟ ಕೂಸನ್ನು ಮಲಗಿಸಿದರು. ಸುಮಿತ್ರವ್ವನ ಪಕ್ಕದಲ್ಲಿ ಬಾಳವ್ವ ಹೊಸ ಸೀರೆಯಲ್ಲಿ ತಯಾರಾಗಿ ನಿಂತದ್ದನ್ನು ಸೀಮಾ ನೋಡಿದಳು. ಹೊಸ ಸೀರೆ ಯಾಕೆ ಉಡಬೇಕಿತ್ತು ಅವಳು?

"ಅಕ್ಕಾ, ವಾಯರ್ ಹಚ್ಚಾಕ ಹತ್ತೀನಿ" ಎಂದ ಸೋಮೇಶ.

ಹಚ್ಚಿದ್ದೇ ತಡ, ಗದ್ದಲವೆಲ್ಲ ದೂರ ಸರಿದು ಒಂದು ಸಣ್ಣ ಸದ್ದು ಕೇಳಿತು. ಸೀಮಾ ಕಿವಿಗೊಟ್ಟಳು. ಇಯರ್‌ಫೋನಿನ ಮೈಕು ಕೂಸಿನ ಎದೆಯ ಮೇಲೆ ಬಿದ್ದಿರಬೇಕು, ಅದು ಕೂಸಿನ ಉಸಿರು. ಬೆಟಗೇರಿಯ ಪಡಸಾಲೆಯಲ್ಲಿ ನಿಂತು ಅವಳು ಆ ಉಸಿರನ್ನು ಕೇಳಿದಳು. ಅವಳಿಗೆ ಮುದ್ದು ಉಕ್ಕಿ, ಹೆಸರೇ ಮರೆತುಹೋಗುತ್ತದೇನೋ ಎಂದು ಹೆದರಿಕೆಯಾಯಿತು.

"ಹೇಳ್ರಿ ಅಕ್ಕಾರ" ಎಂದಳು ರೋಜಾ.

ಸೀಮಾ ಮೊಬೈಲಿನತ್ತ ಬಾಗಿದಳು. "ಕುರ್ರ್..."

ಪರದೆಯ ಮೇಲೆ ಕೂಸು ಬೆಚ್ಚಿ ಎರಡೂ ಕೈ ಎತ್ತಿತು. ಕೈ ಎತ್ತಿದ್ದು ಹಾಗೇ ನಿಂತುಬಿಟ್ಟಿತು. ರೋಜಾಳ ಬೆರಳೂ ನಿಂತಿತು, ಸುಮಿತ್ರವ್ವನ ಅರ್ಧ ತೆರೆದ ಬಾಯಿಯೂ ನಿಂತಿತು.

"ತುಂಗಾ" ಎಂದಳು ಸೀಮಾ, ಆ ನಿಂತ ಚಿತ್ರಕ್ಕೆ. "ತುಂಗಾ. ಕೇಳ್ತೇನವಾ? ತುಂಗಾ!"

ಪರದೆ ಕಪ್ಪಾಯಿತು.

ಆಮೇಲೆ ಅವಳು ಹಚ್ಚಿದ್ದೇ ಹಚ್ಚಿದ್ದು. ಸೋಮೇಶನದು ವ್ಯಾಪ್ತಿ ಪ್ರದೇಶದ ಹೊರಗೆ. ರೋಜಾಳದು ಸ್ವಿಚ್ ಆಫ್. ಸೀಮಾ ಸ್ಟ್ಯಾಂಡಿನಿಂದ ಮೊಬೈಲ್ ಕಿತ್ತುಕೊಂಡು ಮಾಳಿಗೆ ಹತ್ತಿದಳು, ಇಳಿದಳು, ಹಿತ್ತಲಿಗೆ ಹೋದಳು, ಮಾಸ್ಕಿಲ್ಲದೆ ಓಣಿಯ ನಡುವೆ ಹೋಗಿ ಕೈ ಎತ್ತಿ ನಿಂತಳು. ಫಕೀರೇಶ ತನ್ನ ಫೋನು ಹಿಡಿದು ಅವಳ ಹಿಂದೆ ಹಿಂದೆಯೇ ತಿರುಗಿದ. ಅವಳ ಕಣ್ಣ ಮುಂದೆ ಬಾಳವ್ವನ ಹೊಸ ಸೀರೆಯೇ ಕುಣಿಯುತ್ತಿತ್ತು. ಈಗ ಬಾಗಿರಬೇಕು. ಈಗ ಹೇಳಿರಬೇಕು. ಈಗ ಗುಗ್ಗರಿ ಹಂಚುತ್ತಿರಬೇಕು.

ಒಳಗೆ ಬಂದು ಸ್ಪೀಕರ್ ಡಬ್ಬಿಯ ಮೇಲೆ, ಹಪ್ಪಳದ ಪಕ್ಕ, ಧೊಪ್ಪನೆ ಕುಸಿದಳು.

"ಬಸ್ಸಿದ್ದರ ನನ್ನ ಕರೀಬೇಕಾಗತಿತ್ತು ಅತ್ತಿ" ಎಂದಳು. "ಬಂಜಿ ಬಾಯಿಂದ ಹೆಸರ ಬ್ಯಾಡ ಅಂತ ಬಾಯಿಬಿಟ್ಟು ಅಂದಿದ್ರರ ಜಗಳಾನರ ಮಾಡತಿದ್ದೆ. ಅನ್ನಲೂ ಇಲ್ಲ ಅವರು. ಜಡ್ಡಿನ ಹೆಸರ ಹೇಳಿ ನನ್ನ ಹೊರಗಿಟ್ರು."

ದುರಗವ್ವ ಅಕ್ಕಿಯ ಮೇಲೆ ಕೈಯಾಡಿಸುವುದನ್ನು ನಿಲ್ಲಿಸಿದಳು. ಸೊಸೆ ಈ ಮಾತನ್ನು ಅವಳ ಮುಂದೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಅವಳೂ ಎತ್ತಿರಲಿಲ್ಲ. ಇಬ್ಬರೂ ಗುಡಿಗುಂಡಾರ ತಿರುಗಿದ್ದರು, ನಾಟಿ ಔಷಧ ಅತ್ತೆ ಕುಡಿಸಿದ್ದಳು, ಸೊಸೆ ಕುಡಿದಿದ್ದಳು, ಅಷ್ಟೇ.

ಆಗ ಫೋನು ಬಡಿದುಕೊಂಡಿತು. ಸೋಮೇಶನ ನಂಬರು. ಬರೀ ದನಿ, ಅದೂ ರೋಜಾಳದು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ತೇಲಿಹೋಗುತ್ತಿತ್ತು.

"ಅಕ್ಕಾರ, ಮಾಳಿಗಿ ಮ್ಯಾಲಿಂದ ಮಾತಾಡಾಕ ಹತ್ತೀನಿ. ಬಾಣಂತಿ ಮಾಳಿಗಿ ಏರ್ಯಾಳಂತ ನಮ್ಮವ್ವ ಕೆಳಗ ಬೊಬ್ಬಿ ಹೊಡ್ಯಾಕ ಹತ್ತ್ಯಾಳ. ಆತ್ರಿ, ಹೆಸರ ಇಟ್ವಿ."

"ಬಾಳವ್ವ ಹೇಳಿದ್ಲು?"

"ಬಾಳವ್ವ ಯಾಕ ಹೇಳ್ತಾಳ? ನೀವ ಹೇಳಿದ್ರಿ."

"ರೋಜಾ, ನಾ ಕುರ್ರ್ ಅನ್ನೂದಕ್ಕ..."

"ಅದೊಂದ ಕೇಳ್ಸಿತ್ರಿ. ಆಮ್ಯಾಲ ಏನೂ ಇಲ್ಲ. ನಮ್ಮವ್ವ ನನ್ನ ಮಾರಿ ನೋಡಾಕ ಹತ್ತಿದ್ಲು. ಬಾಳವ್ವ ಸೆರಗ ಕಟ್ಟಿ ಮುಂದ ಬಂದ್ಲು. ನನಗ ಸಿಟ್ಟ ಬಂತ್ರಿ ಅಕ್ಕಾರ. ವಾಯರ್ ನನ್ನ ಕಿವ್ಯಾಗ ಐತಿ, ಯಾರಿಗೇನ ಗೊತ್ತು? ಕೇಳ್ಸಿತು, ಅತ್ತಿ ಹೇಳ್ಯಾಳ ಅಂದ್ಬಿಟ್ಟೆ. ಏನಂತ ಹೇಳ್ಯಾಳ ಅಂದ್ರು. ನೀವ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲಲ್ಲಾ, ನಾ ಏನ ಹೇಳ್ಲಿ? ಬಾಯಿಗೆ ಬಂದದ್ದು ಹೇಳಿದೆ."

"ಏನಂತ?"

"ಸೀಮಾ ಅಂತ."

ಸೀಮಾ ಫೋನನ್ನು ಕಿವಿಯಿಂದ ದೂರ ಹಿಡಿದು ನೋಡಿದಳು, ಮತ್ತೆ ಹಚ್ಚಿಕೊಂಡಳು. ದಿನಗಟ್ಟಲೆ ಒಬ್ಬಳೇ ಮೆಲುಕು ಹಾಕಿದ ತುಂಗಾ ಎಲ್ಲೋ ಡಂಬಳದ ದಾರಿಯಲ್ಲೇ ಬಿದ್ದುಹೋಗಿತ್ತು. ಅದಕ್ಕೆ ಸಂಕಟವಾಯಿತು. ನಾಚಿಕೆಯೂ ಆಯಿತು, ತನ್ನ ಹೆಸರನ್ನು ತಾನೇ ಇಟ್ಟುಕೊಂಡವಳು ಅಂತ ಹಮ್ಮಿಗಿಯವರು ಸಾಯುವ ತನಕ ಆಡಿಕೊಳ್ಳುತ್ತಾರೆ.

"ನಿಮ್ಮವ್ವ ಏನಂದ್ರು?"

"ಬಾಯಿ ಕಟ್ಟಿದಂಗ ಆತು. ಬಾಳವ್ವನಽ ಅಂದ್ಲು, ಸ್ವಾದರತ್ತಿ ಹೇಳಿದ ಹೆಸರ ತಿರಗಸಾಕ ಬರಂಗಿಲ್ಲ, ಹಾಡ್ರಿ ಅಂತ. ಈಗ ನಮ್ಮವ್ವನಽ ತೊಟ್ಟಿಲ ಹಗ್ಗ ಹಿಡದು ಸೀಮಾ, ಸೀಮಾ ಅಂತ ಜೋಗುಳಾ ಹಾಡಾಕ ಹತ್ತ್ಯಾಳ. ಕೇಳ್ರಿ ಬೇಕಾದ್ರ."

ರೋಜಾ ಫೋನನ್ನು ಬೆಳಕಿಂಡಿಯತ್ತ ಬಗ್ಗಿಸಿರಬೇಕು. ಗಾಳಿಯ ನಡುವೆ ಸುಮಿತ್ರವ್ವನ ಒಡಕು ದನಿ, ಹಿಂದೆ ಹೆಂಗಸರ ದನಿ ಕೇಳಿಬಂತು. ಸೀಮಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಒಂದ ತಕರಾರ ಉಳದೈತಿ ನೋಡ್ರಿ" ಎಂದು ರೋಜಾ ನಕ್ಕಳು. "ಗುದ್ದಾಕ ಬೆನ್ನ ಎಲ್ಲಿ ಅಂತ ಎಲ್ಲಾರೂ ಕೇಳಾಕ ಹತ್ತ್ಯಾರ. ಬೆನ್ನ ಬೆಟಗೇರ್ಯಾಗ ಐತಿ ಅಂದೆ."

ಹೆಸರು ಹೇಳಲು ಬಾಗಿದ ಸೋದರತ್ತೆಯ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದುವುದು ಈ ಕಡೆಯ ರೂಢಿ. ಗುದ್ದು ತಿಂದವಳೇ ಸೋದರತ್ತೆ.

ಫೋನು ಮತ್ತೆ ಕಡಿದುಹೋಯಿತು. ಈ ಸಲ ಸೀಮಾ ತಿರುಗಿ ಹಚ್ಚಲಿಲ್ಲ. ದುರಗವ್ವ ಮೊಣಕಾಲಿಗೆ ಕೈಯೂರಿ ಎದ್ದು ನಿಂತಿದ್ದಳು.

"ಏನಂತ ಇಟ್ಟಿ ಕೂಸಿಗೆ?"

"ನನ್ನ ಹೆಸರ ಅತ್ತಿ."

"ನಿನ್ನ ಹೆಸರ?"

"ಹೂಂ."

ದುರಗವ್ವ ಸೊಸೆಯ ಹತ್ತಿರ ಬಂದಳು. ಮುದುಕಿಯ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಏಳು. ಬಾಗು" ಎಂದಳು.

ಸೀಮಾ ಎದ್ದು ಮೈಕಿನ ಸ್ಟ್ಯಾಂಡ್ ಹಿಡಿದು ಬಾಗಿದಳು. ಬೆನ್ನ ಮೇಲೆ ಗುದ್ದು ಬಿತ್ತು. ಶಾಸ್ತ್ರಕ್ಕೆ ತಾಗಿಸಿದ್ದಲ್ಲ, ಎದೆಯವರೆಗೂ ಮುಟ್ಟುವ ಖರೇ ಗುದ್ದು. ಸೀಮಾ ದನಿ ತೆಗೆದು ಅತ್ತಳು.

"ಇದು ನಂದು" ಎಂದಳು ದುರಗವ್ವ, ಮತ್ತೆ ಮುಷ್ಟಿ ಎತ್ತುತ್ತ. "ಇನ್ನ ಹಮ್ಮಿಗಿಯವರದು ಐತಿ, ತಡಿ."