ಆರನೇ ಡಿಟೆಕ್ಟರ್

ಒಂದು ಬೀಪ್ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ವಿಷಯ. ಅದಕ್ಕೆ ಇಷ್ಟು ಒದ್ದಾಡುತ್ತಿದ್ದೇನೆ ಎಂದು ಯಾರಿಗೆ ಹೇಳಲಿ? ಕೇಳಿಸಿತು ಅಂದುಕೊಂಡರೆ ಕೇಳಿಸಿದ ಹಾಗೆಯೇ ಇರುತ್ತದೆ. ಕಣ್ಣು ಮುಚ್ಚಿ ನೆನೆದರೆ ಬರೀ ಮೆಷಿನ್ನಿನ ಗಡಗಡ.

ವಸ್ತಾರೆಯ ರುದ್ರಾಣಿ ಅಕ್ಕನ ಮನೆಗೆ ಕಳ್ಳರ ಅಲಾರಂ ಹಾಕಲು ಅಣ್ಣ ಮುನವ್ವರ್ ಜೊತೆ ಬೆಳಿಗ್ಗೆಯೇ ಬಂದಿದ್ದೆ. ಬಿ.ಎಸ್ಸಿ. ಮುಗಿಸಿ ಕೆಲಸ ಸಿಗುವವರೆಗೆ ನಾನು ಅವನಿಗೆ ಸಹಾಯಕಿ. ಅಕ್ಕನದು ಮುಂದೆ ಮೆಣಸು ವ್ಯಾಪಾರದ ಅಂಗಡಿ, ಅದರ ಹಿಂದೆ ಮನೆ, ಕೊನೆಯಲ್ಲಿ ಮೂಟೆ ಇಡುವ ಕೋಣೆ. ಹೋದ ತಿಂಗಳು ಆ ಕೋಣೆಯ ಹಿಂಬಾಗಿಲಿನಿಂದಲೇ ಇಬ್ಬರು ನುಗ್ಗಿ, ಒಬ್ಬರೇ ಇದ್ದ ಅಕ್ಕನ ಬಾಯಿಗೆ ಬಟ್ಟೆ ತುರುಕಿ ಕೈ ಕಟ್ಟಿದ್ದರು. ಮಣಿಕಟ್ಟಿನ ಗುರುತು ಇನ್ನೂ ಮಾಸಿಲ್ಲ. ಅಂದಿನಿಂದ ಅವರ ತಮ್ಮ ಪ್ರಸನ್ನಕುಮಾರ್ ಚಿಕ್ಕಮಗಳೂರಿನಿಂದ ಬಂದು ಇಲ್ಲೇ ಮಲಗುತ್ತಿದ್ದಾರೆ.

ಟೆಸ್ಟ್ ಮಾಡಲು ಇಬ್ಬರು ಬೇಕು. ಕೋಣೆಗಳಲ್ಲಿ ಹಾಕಿದ, ಯಾರಾದರೂ ಓಡಾಡಿದರೆ ಗುರುತಿಸುವ ಒಂದೊಂದೇ ಡಿಟೆಕ್ಟರ್ ಮುಂದೆ ಅಣ್ಣ ನಡೆಯುತ್ತಾನೆ. ಅಂಗಡಿಯ ಗೋಡೆಗೆ ಹಾಕಿದ ಪೆಟ್ಟಿಗೆಯ ಹತ್ತಿರ ನಾನು ನಿಲ್ಲುತ್ತೇನೆ. ಡಿಟೆಕ್ಟರ್ ವೈರಿಲ್ಲದೆ ಕಳಿಸಿದ ಸಿಗ್ನಲ್ ತಲುಪಿದರೆ ಪೆಟ್ಟಿಗೆ ಬೀಪ್ ಅನ್ನುತ್ತದೆ. ನಾನು ‘ಬಂತು’ ಎಂದು ಕೂಗಿ ಟೆಸ್ಟ್ ಕಾರ್ಡಿನಲ್ಲಿ ಟಿಕ್ ಹಾಕಬೇಕು. ಸೈರನ್ ಮಾತ್ರ ಬಂದ್ ಮಾಡಿರುತ್ತೇವೆ. ಕಳ್ಳರು ಬಂದುಹೋದ ಬೀದಿ, ಅದು ಕೂಗಿದರೆ ಊರೇ ದೊಣ್ಣೆ ಹಿಡಿದು ಓಡಿಬರುತ್ತದೆ.

ಐದನೇ ಡಿಟೆಕ್ಟರಿನವರೆಗೆ ಎಲ್ಲ ಸರಿಯಾಗಿತ್ತು. ಅಣ್ಣ ಮೂಟೆ ಕೋಣೆಗೆ ಹೋಗುವುದಕ್ಕೂ ಅಂಗಡಿಯ ಪಕ್ಕದಲ್ಲಿ ಮೆಣಸು ಜರಡಿ ಹಿಡಿಯುವ ಮೆಷಿನ್ ಶುರುವಾಗುವುದಕ್ಕೂ ಸರಿಹೋಯಿತು.

“ಆರು! ಬಂತೇನೇ ಶೈಮಾ?”

ಗೊತ್ತಾಗಲಿಲ್ಲ. ಇನ್ನೊಂದು ಸಲ ನಡಿ ಎಂದು ಕೂಗಬೇಕಿತ್ತು. ಮೆಣಸು ಮಾರಲು ಬಂದ ನಾಲ್ಕು ಗಂಡಸರು ನನ್ನನ್ನೇ ನೋಡುತ್ತಿದ್ದರು.

“ಬಾಯಲ್ಲಿ ನೀರು ತುಂಬ್ಕೊಂಡಿದೀಯಾ? ಇಲ್ಲಿ ಕೆಂಪು ಲೈಟ್ ಹೊಡ್ಕೊಳ್ತಾ ಇದೆ ಮಾರಾಯ್ತಿ!”

ಗಂಡಸರು ನಕ್ಕರು.

“ಬಂತು,” ಅಂದೆ. ಟಿಕ್ ಹಾಕಿದೆ.

ಕೆಂಪು ದೀಪ ಹೊತ್ತಿದರೆ ಡಿಟೆಕ್ಟರ್ ಮನುಷ್ಯನನ್ನು ಕಂಡಿದೆ ಎಂದಷ್ಟೇ ಅರ್ಥ. ಕಂಡದ್ದು ಪೆಟ್ಟಿಗೆಗೆ ಮುಟ್ಟಿತೋ ಇಲ್ಲವೋ ಹೇಳಬೇಕಾದವಳು ನಾನೊಬ್ಬಳೇ. ನಡುವೆ ಎರಡು ದಪ್ಪ ಕಲ್ಲಿನ ಗೋಡೆ, ಸೂರು ಮುಟ್ಟುವಷ್ಟು ಮೂಟೆ.

ಅಣ್ಣ ಪೆಟ್ಟಿಗೆಯ ಮುಚ್ಚಳ ಹಾಕಿದ. ಕಾಫಿ ಬಂತು. ಅವನ ಕಿವಿಯಲ್ಲಿ ಹೇಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಗಿರಾಕಿಯ ಮನೆಯಲ್ಲಿ ಪಿಸುಗುಡಬಾರದು, ಮನೆಮಾತು ಉರ್ದು ಆಡಬಾರದು, ಏನಿದ್ದರೂ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲೇ ಹೇಳಬೇಕು ಎಂಬುದು ಅವನ ನಿಯಮ. “ಅವ್ರ ಮನೆ ಬಾಗ್ಲು, ಬೀಗ ಎಲ್ಲಾ ನೋಡಿರ್ತೀವಿ. ನಮ್ಮ ನಮ್ಮಲ್ಲೇ ಗುಸುಗುಸು ಅಂದ್ರೆ ಏನಂದ್ಕೊಳಲ್ಲ?” ಎನ್ನುತ್ತಾನೆ. ಅದು ಸರಿಯೇ. ಹೇಳುವುದಾದರೆ ಎಲ್ಲರೆದುರು ಹೇಳಬೇಕು.

ಅಷ್ಟರಲ್ಲಿ ರುದ್ರಾಣಿ ಅಕ್ಕ ಒಳಗಿನಿಂದ ಒಂದು ಕತ್ತಿ ಹಿಡಿದು ಬಂದರು. ಒಂದು ತಿಂಗಳಿನಿಂದ ಅದನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದರಂತೆ.

“ತಗೊಳೋ ಪ್ರಸನ್ನ, ಇದನ್ನ ಸೌದೆ ಕೊಟ್ಟಿಗೇಲಿ ಹಾಕು. ಆಮೇಲೆ ನೀನೂ ಬಸ್ ಹಿಡಿ.”

“ಇವತ್ತೊಂದಿನ ಇರ್ತೀನಕ್ಕ.”

“ಸಾಕು ಮಾರಾಯ, ನಿನ್ನ ಗೊರಕೆಗೆ ಕಳ್ರೇನೋ ಬರ್ಲಿಲ್ಲ, ನಂಗೆ ನಿದ್ದೇನೂ ಬರ್ಲಿಲ್ಲ. ಮನೇಲಿ ಹೆಂಡ್ತಿ ಕಾಯ್ತಾಳೆ, ಹೋಗು.”

ಎಲ್ಲರೂ ನಕ್ಕರು. ಪ್ರಸನ್ನಕುಮಾರ್ ಬ್ಯಾಗಿನ ಜಿಪ್ ಎಳೆದರು. ಆ ಸದ್ದಿಗೆ ಹಿಂಬಾಗಿಲು ತೆರೆದುಕೊಳ್ಳುವುದು ಕಣ್ಣೆದುರು ಬಂತು. ಮೂಟೆಗಳ ಮೇಲೆ ಕೆಂಪು ದೀಪ ಹೊಡೆದುಕೊಳ್ಳುತ್ತದೆ. ಅದನ್ನು ನೋಡುವವರು ಒಳಗೆ ಬಂದವರು ಮಾತ್ರ. ಪೆಟ್ಟಿಗೆ ಸುಮ್ಮನಿರುತ್ತದೆ. ಅಕ್ಕನ ಕೈ ದಿಂಬಿನಡಿ ತಡಕಾಡುತ್ತದೆ.

ಅಣ್ಣ ಕಾರ್ಡು ಮುಂದಿಟ್ಟ. “ಆರಕ್ಕಾರೂ ಓಕೆ ಅಕ್ಕ. ಇಲ್ಲೊಂದು ಸೈನ್ ಹಾಕಿ.”

ಅಕ್ಕ ಪೆನ್ನು ತೆಗೆದುಕೊಂಡರು. ಬರೆಯಲಿಲ್ಲ. ನನ್ನ ಕಡೆ ತಿರುಗಿದರು.

“ಗಂಡಸ್ರು ಎಲ್ಲಾನೂ ಓಕೆ ಅಂತಾರೆ. ನೀನು ಹೇಳಮ್ಮ, ನೀನಾಗಿದ್ರೆ ಒಬ್ಳೇ ಮಲಗ್ತಿದ್ಯಾ ಇಲ್ಲಿ?”

ಮೆಷಿನ್ ಇನ್ನೂ ಓಡುತ್ತಿತ್ತು. ಮೆಲ್ಲಗೆ ಹೇಳಿದರೆ ಯಾರಿಗೂ ಕೇಳಿಸುವಂತಿರಲಿಲ್ಲ. ಅಣ್ಣ ಹುಬ್ಬು ಹಾರಿಸಿ ‘ಹೂಂ ಅನ್ನು’ ಎಂಬಂತೆ ನೋಡಿದ. ಕೌಂಟರಿನ ಅಂಚು ಹಿಡಿದುಕೊಂಡೆ.

“ಇಲ್ಲ ಅಕ್ಕ! ಆರನೇದು ನಂಗೆ ಕೇಳಿಸ್ಲೇ ಇಲ್ಲ, ಸುಮ್ನೆ ಟಿಕ್ ಹಾಕ್ಬಿಟ್ಟೆ!”