ಗೆಲ್ಲುವ ಒಂದೇ ಮನೆ

ಅಣ್ಣನ ಒಗಟಿನ ಹಾಳೆ ಕೈಗೆ ಬಂದದ್ದು ಮಂಗಳವಾರ ಬೆಳಗ್ಗೆ. ಬುಧವಾರ ಮಧ್ಯಾಹ್ನವಾದರೂ ತಂಗಿಗೆ ಗೆಲ್ಲುವ ನಡೆ ಸಿಕ್ಕಿರಲಿಲ್ಲ. ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದುವವರೆಲ್ಲ ಊಟಕ್ಕೆ ಎದ್ದು ಹೋಗಿದ್ದರು. ಅವಳೊಬ್ಬಳು ಬುತ್ತಿಯ ಮುಚ್ಚಳವನ್ನೂ ತೆಗೆಯದೆ ಪೆನ್ಸಿಲ್ ಹಿಡಿದು ಕೂತಿದ್ದಳು.

ಆಟವೇನೋ ಕೇಳುವುದಕ್ಕೆ ಸುಲಭ. ಜೇನುಗೂಡಿನಂಥ ಆರು ಮೂಲೆಯ ಮನೆಗಳಿರುವ ಹಲಗೆ. ಕಪ್ಪು ಕಾಯಿಯವರು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ, ಬಿಳಿಯವರು ಎಡದಿಂದ ಬಲಕ್ಕೆ ಕಾಯಿಗೆ ಕಾಯಿ ತಾಗಿಸಿ ದಾರಿ ಹಾಕಬೇಕು. ಒಬ್ಬರ ದಾರಿ ಕೂಡಿತೆಂದರೆ ಇನ್ನೊಬ್ಬರದು ಕಡಿಯಿತೆಂದೇ ಅರ್ಥ. ಸಮ ಎಂಬ ಮಾತೇ ಇಲ್ಲ. ರೈಲ್ವೆಯ ಸಿಗ್ನಲ್ ಕೋಣೆಯಲ್ಲಿ ಮೂವತ್ತು ವರ್ಷ ಹಳಿಗೆ ಹಳಿ ಕೂಡಿಸಿ ನಿವೃತ್ತನಾದ ಅಣ್ಣನಿಗೆ ಇದು ನೀರು ಕುಡಿದಷ್ಟು ಸಲೀಸು. ಭಾನುವಾರದ ಪುಟಕ್ಕೆ ಅವನದೊಂದು ಒಗಟು ಖಾಯಂ: ಕಪ್ಪಿನ ಸರದಿ, ಗೆಲ್ಲುವ ಮನೆ ಒಂದೇ ಒಂದು, ಹುಡುಕಿ. ಅಲ್ಲಿ ಕಾಯಿ ಇಟ್ಟಮೇಲೆ ಬಿಳಿಯವರು ತಲೆಕೆಳಗಾಗಿ ನಿಂತರೂ ದಾರಿ ತಡೆಯಲಾಗದು.

ಅಚ್ಚಿಗೆ ಹೋಗುವ ಮುಂಚೆ ತಂಗಿ ಅದನ್ನು ಬಿಡಿಸಿ ನೋಡಬೇಕು. ಬಿಡಿಸಿದ ಮೇಲೆ ಫೋನಿನಲ್ಲಿ "ಸಿಕ್ತು" ಅನ್ನಬೇಕು, ಅಷ್ಟೇ. ಯಾವ ಮನೆ ಎಂದು ಅವನು ಕೇಳುವುದಿಲ್ಲ, ಇವಳು ಹೇಳುವುದಿಲ್ಲ. ಕೇಳಿದರೆ ನಂಬಿಕೆ ಇಲ್ಲ ಅಂದ ಹಾಗೆ. ಅಚ್ಚಾದ ಪುಟವನ್ನಂತೂ ಅಣ್ಣ ಕಣ್ಣೆತ್ತಿಯೂ ನೋಡುವವನಲ್ಲ. ಹಳೆಯದು ತಲೆಯಲ್ಲಿ ಕೂತರೆ ಹೊಸದು ಹುಟ್ಟುವುದಿಲ್ಲವಂತೆ. ಇಬ್ಬರದೂ ಅಷ್ಟು ಬಿಗುಮಾನ.

ಇಪ್ಪತ್ತೆಂಟು ಖಾಲಿ ಮನೆಗಳು. ಒಂದೊಂದನ್ನೂ ಎರಡೆರಡು ಸಲ ನೋಡಿದ್ದಾಗಿತ್ತು. ಎಲ್ಲಿಟ್ಟರೂ ಎಡಮೂಲೆಯ ಒಂದು ಬಿಳಿ ಕಾಯಿ ಅಡ್ಡಗಾಲು ಹಾಕುತ್ತಿತ್ತು. ಅವಳಿಗೆ ಅಮ್ಮನ ನೆನಪಾಯಿತು. ಅಮ್ಮನಿಗೆ ಮರೆವು ಶುರುವಾದದ್ದು ಅರವತ್ತಕ್ಕೆ. ಮೊದಲು ಬೀಗದ ಕೈ, ಆಮೇಲೆ ಒಲೆ, ಆಮೇಲೆ ಮಕ್ಕಳ ಮುಖ. ಡಬ್ಬಿಗಳ ಮೇಲೆ ಉಪ್ಪು, ಸಕ್ಕರೆ ಎಂದು ದುಂಡಗೆ ಚೀಟಿ ಬರೆದು ಅಂಟಿಸಿದ್ದು ಅಣ್ಣ. ಕೊನೆಕೊನೆಗೆ ಅಮ್ಮನಿಗೆ ಚೀಟಿ ಓದುವುದೇ ಮರೆತುಹೋಯಿತು. ತಂಗಿಗೆ ಈಗ ಐವತ್ತೆಂಟು, ಅಣ್ಣನಿಗೆ ಅರವತ್ತೊಂದು.

ಅವಳು ಆ ಬಿಳಿ ಕಾಯಿಯನ್ನು ರಬ್ಬರಿನಿಂದ ಅಳಿಸಿ, ಬಲಕ್ಕೆ ಒಂದು ಮನೆ ಸರಿಸಿ ಬರೆದಳು. ಗೆಲ್ಲುವ ಮನೆ ತಟ್ಟನೆ ಕಣ್ಣಿಗೆ ಬಿತ್ತು. ಅಂದರೆ ತಪ್ಪು ಹಾಳೆಯದು, ತನ್ನ ತಲೆಯದಲ್ಲ. ಸುಳ್ಳೇಕೆ, ಒಂದು ಗಳಿಗೆ ಅವಳಿಗೆ ಹಾಯೆನಿಸಿತು. ಮರುಗಳಿಗೆ ಇನ್ನೊಂದು ಹೊಳೆಯಿತು. ತನ್ನ ತಲೆ ಸರಿ ಇದ್ದರೆ ಕೆಟ್ಟಿರುವುದು ಅಣ್ಣನದು.

ಇದು ಮೊದಲನೆಯದೂ ಆಗಿರಲಿಲ್ಲ. ಎರಡು ತಿಂಗಳ ಹಿಂದಿನ ಒಂದು ಹಾಳೆಯಲ್ಲಿ ಗೆಲ್ಲುವ ಮನೆ ಎರಡಿದ್ದವು. ಕಳೆದ ತಿಂಗಳ ಒಂದರಲ್ಲಿ ಬಿಳಿ ಆಗಲೇ ಗೆದ್ದು ಕೂತಿತ್ತು. ಎರಡನ್ನೂ ಅವಳು ಗುಟ್ಟಾಗಿ ತಿದ್ದಿ ಅಚ್ಚಿಗೆ ಕೊಟ್ಟು, ಅವನ ಹಾಳೆಗಳನ್ನು ಮನೆಯ ಮೇಜಿನ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದಳು. ಮೊದಲೆಲ್ಲ ಗಂಟೆಯೊಳಗೆ ಹೋಗುತ್ತಿದ್ದ ಫೋನು ಆ ಎರಡು ಸಲವೂ ಎರಡೆರಡು ದಿನ ತಡವಾಗಿತ್ತು.

ಅವಳು ಫೋನ್ ಮಾಡಿದಳು.

"ಸಿಕ್ತಣ್ಣ. ಚೆನ್ನಾಗಿದೆ."

"ನಿಜವಾಗ್ಲೂ ಸಿಕ್ತಾ?"

ಅಷ್ಟು ವರ್ಷದಲ್ಲಿ ಅವನು ಹಾಗೆ ಕೇಳಿದ್ದೇ ಇಲ್ಲ. "ಸಿಕ್ತು ಅಂದ್ನಲ್ಲ."

"ಸರಿ. ಸಂಜೆ ಮನೆಗೆ ಬರ್ತೀನಿ."

ವಾರದ ನಡುವೆ ಅವನು ಬರುವುದಿಲ್ಲ. ಅದೂ ಮರೆತನೇ ಎಂದುಕೊಂಡು ಅವಳು ಮಿಕ್ಕ ಕರಡುಗಳನ್ನು ಹೇಗೆ ತಿದ್ದಿದಳೋ ದೇವರೇ ಬಲ್ಲ.

ಸಂಜೆ ಬಟ್ಟೆಯ ಚೀಲ ಹಿಡಿದು ಬಂದ. ಕೂರು ಅಂದರೆ ಕೂರಲಿಲ್ಲ, ನೆಟ್ಟಗೆ ಅಡುಗೆಮನೆಗೆ ನುಗ್ಗಿದ. ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮೂಸಿ ನೋಡಿದ. ಚೀಲದಿಂದ ಗೋಂದಿನ ಸೀಸೆ ಬಂತು, ಚೀಟಿಗಳ ಕಟ್ಟು ಬಂತು. ಅದೇ ದುಂಡನೆಯ ಅಕ್ಷರ: ಉಪ್ಪು. ಸಕ್ಕರೆ. ಒಲೆ ಆರಿಸು. ಮೊದಲ ಚೀಟಿಯನ್ನು ಉಪ್ಪಿನ ಡಬ್ಬಿಗೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ.

ತಂಗಿ ಬಾಗಿಲಲ್ಲೇ ನಿಂತುಬಿಟ್ಟಳು. ಈ ಮನೆಯನ್ನು ಅಮ್ಮನ ಮನೆ ಅಂದುಕೊಂಡಿದ್ದಾನೆ.

"ಅಣ್ಣಾ," ಅಂದಳು ಮೆಲ್ಲಗೆ, "ಅಮ್ಮ ಹೋಗಿ ಹನ್ನೆರಡು ವರ್ಷ ಆಯ್ತು."

"ನನಗೆ ಗೊತ್ತಿಲ್ವಾ? ಇದು ನಿನಗೆ." ಅವನು ತಿರುಗಲಿಲ್ಲ. "ಆ ಹಾಳೇಲಿ ಉತ್ತರಾನೇ ಇಲ್ಲ ಕಣೇ. ಬೇಕಂತಲೇ ಒಂದು ಬಿಳಿ ಕಾಯಿ ಎಡಕ್ಕೆ ಸರಿಸಿ ಕೊಟ್ಟೆ. ಎರಡು ತಿಂಗಳಿಂದ ನೀನು ತಡ ಮಾಡ್ತಿದ್ದೆ, ನನಗೆ ಭಯ ಆಗಿತ್ತು. ಉತ್ತರ ಇಲ್ಲ ಅಂತ ನೀನು ನಾಲ್ಕು ಬೈದಿದ್ರೆ ಸಾಕಿತ್ತು. ನೀನು ಚೆನ್ನಾಗಿದೆ ಅಂದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಅದೇ ಕಾಯಿ ನಾನು ಬಲಕ್ಕೆ ಸರಿಸಿದೆ ಮಾರಾಯ. ನಿನ್ನ ತಲೆ ಕೆಟ್ಟಿತು ಅಂದ್ಕೊಂಡೆ. ನಿನ್ನ ಹತ್ರ ಹೇಳೋಕೆ ಬಾಯಿ ಬರಲಿಲ್ಲ."

ಅಣ್ಣ ಸ್ಟೂಲಿನ ಮೇಲೆ ದೊಪ್ಪನೆ ಕೂತ. ಆಮೇಲೆ ಅವನಿಗೂ ನಗು ಬಂತು. ಪಾತ್ರೆ ಸದ್ದಾಗುವ ಹಾಗೆ ಇಬ್ಬರೂ ನಕ್ಕರು. ಎಷ್ಟೋ ದಿನದ ಭಾರ ಇಳಿಯಿತು ಅನ್ನಿಸಿ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಆ ಇನ್ನೆರಡೂ ಪರೀಕ್ಷೆನೇ ಅನ್ನು. ಎಷ್ಟು ಹೆದರಿಸಿಬಿಟ್ಟೆ ನನ್ನ."

"ಯಾವ ಇನ್ನೆರಡು?" ಅಂದ ಅಣ್ಣ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏನೋ ಒಂದು ಹೇಳಿ ತೇಲಿಸಬಹುದಿತ್ತು. ಆದರೆ ಮುಚ್ಚಿಟ್ಟದ್ದರಿಂದಲೇ ತಾನೇ ಇಷ್ಟೆಲ್ಲ ಆದದ್ದು. ಅವಳು ಡ್ರಾಯರಿನಿಂದ ಎರಡೂ ಹಾಳೆ ತಂದು ಅವನ ತೊಡೆಯ ಮೇಲಿಟ್ಟಳು.

ಅಣ್ಣ ಕನ್ನಡಕ ಹಾಕಿಕೊಂಡ. ಅವನ ಬೆರಳು ಮೇಲಿನ ಅಂಚಿನಿಂದ ಕೆಳಕ್ಕೆ ಮನೆಯಿಂದ ಮನೆಗೆ ಇಳಿಯಿತು, ಹಿಂದಿರುಗಿತು, ಮತ್ತೆ ಇಳಿಯಿತು. ಇದೂ ಬೇಕಂತಲೇ ಅಂತ ಅವನೊಂದು ಸುಳ್ಳಾದರೂ ಹೇಳಲಿ ಎಂದು ತಂಗಿ ಬೇಡಿಕೊಂಡಳು.

"ಇಲ್ಲಿಟ್ಟರೂ ಗೆಲ್ಲುತ್ತೆ," ಅಂದ. "ಅಲ್ಲಿಟ್ಟರೂ ಗೆಲ್ಲುತ್ತೆ. ನನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ."

"ನಾಳೆ ಡಾಕ್ಟರ ಹತ್ರ ಹೋಗೋಣಣ್ಣ. ನಾನೂ ತೋರಿಸ್ಕೋತೀನಿ."

ಅವನು ತಲೆಯಾಡಿಸಿದ. ಆಮೇಲೆ ಎದ್ದು, ಉಪ್ಪಿನ ಡಬ್ಬಿಯ ಚೀಟಿಯನ್ನು ತುದಿ ಹರಿಯದ ಹಾಗೆ ಉಗುರಿನಿಂದ ನಿಧಾನವಾಗಿ ಬಿಡಿಸಿದ. ಉಳಿದವುಗಳ ಜೊತೆ ಸೇರಿಸಿ ಚೀಲದಲ್ಲಿಟ್ಟುಕೊಂಡ.

"ಗೋಂದು ಇನ್ನೂ ಹಸಿ ಇದೆ," ಅಂದ. "ನನ್ನ ಮನೇಲಿ ಅಂಟುತ್ತೆ."